ಅಳತೆಗೆ ಸಿಗದ ಎರಡು ಮೀಟರು

ಆ ಬೀದಿಯ ಹೆಂಗಸರ ತೋಳು, ಎದೆ, ಸೊಂಟದ ಅಳತೆಯೆಲ್ಲ ಟೈಲರಮ್ಮನಿಗೆ ಬಾಯಿಪಾಠ. ಯಾರು ಎರಡಿಂಚು ದಪ್ಪಗಾದರು ಎಂಬುದು ಅವರ ಗಂಡಂದಿರಿಗಿಂತ ಮೊದಲು ಇವಳಿಗೆ ತಿಳಿಯುತ್ತಿತ್ತು. ತಿಳಿದದ್ದನ್ನು ಬಾಯಿ ಬಿಡದೆ ಇದ್ದುದರಿಂದಲೇ ಕಸುಬು ನಡೆಯುತ್ತಿತ್ತು. ಆದರೆ ಬೀದಿಯನ್ನೇ ಅಳೆಯುವ ಕಾಲ ಬಂದೀತೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

ಮದುವೆಯಾಗಿ ಬಂದಾಗ ಶಾಲೆಯ ಕೊನೆಯ ಎರಡು ವರ್ಷದ ಓದು ಬಾಕಿ ಉಳಿದಿತ್ತು. ಬಾಕಿ ಎಂದರೆ ಅವಳಿಗೆ ಆಗದು. ಗುಂಡಿ ಹಾಕದ ರವಿಕೆಯನ್ನು ಕೂಡ ಕಪಾಟಿನಲ್ಲಿ ಇಡುವವಳಲ್ಲ. ಮಗಳಿಗೆ ಮಾತು ಬರುವ ಹೊತ್ತಿಗೆ, ಶನಿವಾರವಷ್ಟೇ ತರಗತಿ ನಡೆಸುವ ಶಾಲೆಗೆ ಹೋಗಿ ಹೆಸರು ಬರೆಸಿದಳು. ಯಾವ ವಿಷಯ ಬೇಕೆಂದು ಗುಮಾಸ್ತ ಕೇಳಿದಾಗ ಅವಳು ಮರುಪ್ರಶ್ನೆ ಹಾಕಿದಳು.

"ಇದ್ರಲ್ಲಿ ಹೊರಗಡೆ ಹೋಗಿ ಮಾಡೋದು ಯಾವ್ದಿದೆ?"

"ಭೂಗೋಳ," ಎಂದ ಆತ, ತಲೆ ಎತ್ತದೆ.

"ಹಾಗಾದ್ರೆ ಅದನ್ನೇ ಬರ್ಕೊಳ್ಳಿ. ಏಳು ವರ್ಷದಿಂದ ಹೊಲಿಗೆ ಮಿಷನ್ ಮುಂದೆ ಕೂತೂ ಕೂತೂ ಸಾಕಾಗಿದೆ."

ಶನಿವಾರದ ತರಗತಿಯಲ್ಲಿ ಹದಿನೇಳರ ಹುಡುಗಿಯರ ನಡುವೆ ಅವಳೊಬ್ಬಳೇ ಅಕ್ಕ. ಪ್ರಶ್ನೆ ಕೇಳುವವಳೂ ಅವಳೊಬ್ಬಳೇ. ಮಳೆಯ ನೀರು ಸಮುದ್ರಕ್ಕೇ ಏಕೆ ಹೋಗಬೇಕು, ನಡುವೆ ಎಲ್ಲಾದರೂ ಬೇಸರವಾಗಿ ನಿಲ್ಲಬಾರದೆ ಎಂದು ಕೇಳಿದ ದಿನ ಹಿಂದಿನ ಬೆಂಚು ನಕ್ಕಿತು. ಭೂಗೋಳದ ಮೇಡಂ ನಗಲಿಲ್ಲ. "ನಿಲ್ಲತ್ತೆ. ಎಲ್ಲೆಲ್ಲಿ ಅಂತ ಮುಂದಿನ ವಾರ," ಎಂದರು.

ಎರಡನೆಯ ವರ್ಷಕ್ಕೆ ಮೇಡಂ ಒಂದು ಕೆಲಸ ಕೊಟ್ಟರು: ಪ್ರತಿಯೊಬ್ಬರೂ ತಮ್ಮ ಬೀದಿಯ ಒಂದು ಸಾಲನ್ನು ತಾವೇ ಅಳೆದು ನಕ್ಷೆ ಬರೆಯಬೇಕು, ನೆಲದ ಮೇಲಿನ ಎರಡು ಮೀಟರು, ಹಾಳೆಯಲ್ಲಿ ಒಂದು ಸೆಂಟಿಮೀಟರು. ನಕ್ಷೆಗೆ ಮೇಡಂ ಸಹಿ ಬೀಳದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ. ಟೈಲರಮ್ಮ ಹೋದ ವರ್ಷವೇ ಮಗಳ ಜ್ವರದಿಂದ ಪರೀಕ್ಷೆ ತಪ್ಪಿಸಿಕೊಂಡಿದ್ದಳು. ಈ ಸಲವೂ ತಪ್ಪಿದರೆ ಹೆಸರು ರದ್ದು, ಮೊದಲಿನಿಂದ ಓದು. ಸೋಮವಾರ ಕೊನೆಯ ದಿನ.

ಅವಳು ತನಗೆ ಗೊತ್ತಿದ್ದ ರೀತಿಯಲ್ಲೇ ಕೆಲಸಕ್ಕಿಳಿದಳು. ರಸ್ತೆಯನ್ನು ಈ ತುದಿಯಿಂದ ಆ ತುದಿಗೆ ಅಳೆದಳು: ತೊಂಬತ್ತು ಮೀಟರು. ಹಾಳೆಯ ಮೇಲೆ ನಲವತ್ತೈದು ಸೆಂಟಿಮೀಟರಿನ ಗೆರೆ ಎಳೆದಳು. ಆಮೇಲೆ ಹನ್ನೊಂದು ಮನೆಗಳನ್ನು ಒಂದೊಂದಾಗಿ ಅಳೆದು, ಕಂದು ಕಾಗದದಲ್ಲಿ ಗುರುತು ಹಾಕಿ, ರವಿಕೆಯ ತುಂಡುಗಳ ಹಾಗೆ ಕತ್ತರಿಸಿ, ಗೆರೆಯ ಮೇಲೆ ಸಾಲಾಗಿ ಜೋಡಿಸಿದಳು.

ಮನೆಗಳು ಗೆರೆಯೊಳಗೆ ಹಿಡಿಸಲಿಲ್ಲ. ಬೀದಿಯ ಕೊನೆಯಲ್ಲಿರುವ ಇಸ್ತ್ರಿಯವನ ಮನೆ ದೊಡ್ಡ ರಸ್ತೆಯನ್ನು ದಾಟಿ ಬಸ್ ನಿಲ್ದಾಣದೊಳಗೆ ಹೋಗಿ ಕೂತಿತು.

"ಪಾಪ," ಎಂದರು ಅತ್ತೆ, ಕನ್ನಡಕ ಏರಿಸಿ ನೋಡಿ. "ಇನ್ಮೇಲೆ ಬಟ್ಟೆ ಇಸ್ತ್ರಿಗೆ ಕೊಡೋಕೆ ಟಿಕೆಟ್ ತಗೋಬೇಕು."

"ತಮಾಷೆ ಮಾಡ್ಬೇಡಿ ಅತ್ತೆ. ಎಲ್ಲಿ ತಪ್ಪಿದೆ ಅಂತಾನೇ ಗೊತ್ತಾಗ್ತಿಲ್ಲ."

ಹಳೆಯ ಟೇಪು ಜಗ್ಗಿದೆಯೇನೋ ಎಂದು ಹೊಸ ಟೇಪಿನ ಪಕ್ಕ ಹಿಡಿದು ನೋಡಿದಳು, ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಮೂರು ಮನೆಗಳನ್ನು ಮತ್ತೆ ಅಳೆದಳು. "ಬೆಳಿಗ್ಗೆಯಿಂದ ನಮ್ಮನೆ ಬೆಳೆದಿದೆಯೇನಮ್ಮ?" ಎಂದು ಹಿಟ್ಟಿನ ಗಿರಣಿಯವನು ಕಿಚಾಯಿಸಿದ. ಅಳತೆ ಅದೇ ಬಂತು. ಸೋಮವಾರದ ಹೆದರಿಕೆ ಒಂದು ಕಡೆ ಹಿಂಡುತ್ತಿದ್ದರೂ ಇನ್ನೊಂದು ಕಡೆ ಅವಳಿಗೆ ವಿಚಿತ್ರವಾದ ಖುಷಿ. ಅಳತೆ ಸರಿ, ರಸ್ತೆ ಸರಿ, ಮನೆ ಸರಿ. ಎಲ್ಲ ಸರಿಯಿದ್ದೂ ಬೀದಿ ಬೀದಿಯಲ್ಲಿ ಹಿಡಿಸುವುದಿಲ್ಲ ಎಂದರೆ ಇದೆಂಥ ಮಾಯೆ?

ಶನಿವಾರ ಸಂಜೆ ಅತ್ತೆ ಮೊಮ್ಮಗಳ ಬಾಯಿಂದ ಒಂದು ಮನೆಯನ್ನು ಬಿಡಿಸಿಕೊಂಡು, ಒರೆಸಿ, ಸುಮ್ಮನೆ ಕೈಯಲ್ಲಿ ಹಿಡಿದಿದ್ದರು. ಸೊಸೆಗೆ ಹೊಲಿಗೆ ಕಲಿಸಿದವರು ಅವರೇ. ಈಗ ಕಣ್ಣು ಮಂಜಾದ ಮೇಲೆ ಗುಂಡಿ ಹಾಕುವುದಷ್ಟೇ ಅವರ ಪಾಲು. ಮಾತಾಡುತ್ತಾ ಅವರ ಹೆಬ್ಬೆರಳಿನ ಉಗುರು ಕಾಗದದ ಅಂಚನ್ನು ಒಳಕ್ಕೆ ಮಡಚಿ ಗೀರುತ್ತಿತ್ತು. ಒಂದು ಬದಿಯಾಯಿತು, ಇನ್ನೊಂದು ಬದಿಯಾಯಿತು.

"ಇದೇನೇ, ಇನ್ನೂ ಮಡಚೇ ಇಲ್ವಲ್ಲ ಇದನ್ನ?"

ಟೈಲರಮ್ಮ ತುಂಡನ್ನು ಇಸಿದುಕೊಂಡು ನೋಡಿದಳು. ಪೆನ್ಸಿಲಿನ ಗುರುತು ಒಂದು ಕಡೆ, ಕತ್ತರಿ ಹೋದದ್ದು ಅದರಿಂದ ಅರ್ಧ ಸೆಂಟಿಮೀಟರು ಆಚೆ. ಹೊಲಿಗೆಗೆಂದು ಬಿಡುವ ಅಂಚು. ಹನ್ನೊಂದು ಮನೆಗಳಿಗೂ ಸುತ್ತಲೂ ಬಿಟ್ಟಿದ್ದಳು.

"ಅಯ್ಯೋ ನನ್ನ ಕೈಯೇ," ಎಂದಳು. "ಮನೆಗಳನ್ನ ಹೊಲಿಯೋಕೆ ಹೊರಟಿದ್ದೆ."

"ಕೈಯದೇನೂ ತಪ್ಪಿಲ್ಲ. ಅಂಚು ಬಿಡದೆ ಕತ್ತರಿಸಿದ್ರೆ ನಾನೇ ಬಾರಿಸ್ತಿದ್ದೆ. ತಗೋ, ಆರು ನೀನು ಮಡಚು, ಐದು ನಾನು."

ಮಡಚಿ ಜೋಡಿಸಿದಾಗ ಇಸ್ತ್ರಿಯವನು ಬಸ್ ನಿಲ್ದಾಣದಿಂದ ಎದ್ದು ತನ್ನ ಜಾಗಕ್ಕೆ ಬಂದ. ಬಂದವನು ಅಲ್ಲೇ ನಿಲ್ಲದೆ ಇನ್ನೂ ಒಂದು ಸೆಂಟಿಮೀಟರು ಈಚೆಗೆ ಸರಿದ. ಈಗ ಬೀದಿಯಲ್ಲಿ ಎರಡು ಮೀಟರು ಯಾರಿಗೂ ಸೇರದೆ ಮಿಕ್ಕಿತು.

"ನಿನ್ನ ಮಗಳು ಒಂದು ಮನೆ ನುಂಗಿದಾಳೇನೋ ಎಣಿಸು," ಎಂದರು ಅತ್ತೆ. ಎಣಿಸಿದರು, ಹನ್ನೊಂದೂ ಇದ್ದವು. "ಹೋಗ್ಲಿ ಬಿಡು. ಒಂದೊಂದು ಮನೆಗೂ ಕೂದಲಷ್ಟು ಜಗ್ಗಿ ಅಂಟಿಸಿಬಿಡು. ಗುಂಡಿ ಹಾಕಿದ ಮೇಲೆ ಯಾರು ನೋಡ್ತಾರೆ?"

ಜಗ್ಗಿ ಅಂಟಿಸಿದ್ದರೆ ಅರ್ಧ ಗಂಟೆಯ ಕೆಲಸ. ಸಹಿ ಬೀಳುವುದೂ ಖಂಡಿತ. ಹುಡುಕಲು ಹೊರಟರೆ ಉಳಿದದ್ದು ಒಂದೇ ದಿನ, ನಕ್ಷೆ ಮುಗಿಯುವುದೋ ಇಲ್ಲವೋ. ಅವಳು ಗೋಂದಿನ ಬಾಟಲಿಯ ಮುಚ್ಚಳ ತೆರೆದಳು, ಹಾಗೇ ಮುಚ್ಚಿದಳು. ಎರಡು ಮೀಟರು ಎಂದರೆ ಇಬ್ಬರು ಕೈ ಬೀಸಿ ನಡೆಯುವಷ್ಟು ಜಾಗ. ಅದು ಎಲ್ಲಿ ಅಡಗಿ ಕೂತಿದೆ ಎಂದು ತಿಳಿಯದೆ ಅವಳಿಗೆ ಊಟ ಸೇರಲಿಲ್ಲ.

ಭಾನುವಾರ ಬೆಳಿಗ್ಗೆ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಬೀದಿಯ ಗೋಡೆಗಳನ್ನು ಕೈಯಿಂದ ಸವರುತ್ತಾ ನಡೆದಳು. ಗೋಡೆ, ಬಾಗಿಲು, ಗೋಡೆ, ಮೆಟ್ಟಿಲು. ಗಿರಣಿಗೂ ಗಡಿಯಾರ ರಿಪೇರಿಯ ಮುದುಕರ ಮನೆಗೂ ನಡುವೆ ಆಳೆತ್ತರದ ತಗಡಿನ ಜಾಹೀರಾತು ಹಲಗೆ. ಗಿರಣಿಯನ್ನು ಹಲಗೆಯವರೆಗೆ ಅಳೆದಿದ್ದಳು, ಗಡಿಯಾರದ ಮನೆಯನ್ನು ಹಲಗೆಯಿಂದಾಚೆಗೆ. ಹಲಗೆಯನ್ನೇ ಅಳೆದಿರಲಿಲ್ಲ. ತೇಪೆಯನ್ನು ಯಾರು ಅಳೆಯುತ್ತಾರೆ? ಬೆರಳಿನಿಂದ ತಟ್ಟಿದಳು. ಹಿಂದೆ ಗೋಡೆಯಿದ್ದ ಸದ್ದು ಬರಲಿಲ್ಲ.

"ಅಜ್ಜಾ, ಇದರ ಹಿಂದೆ ಏನಿದೆ?"

ಮುದುಕರು ಭೂತಗನ್ನಡಿಯನ್ನು ಕಣ್ಣಿಗೇ ಸಿಕ್ಕಿಸಿಕೊಂಡು ಹೊರಗೆ ಬಂದರು. "ಓಣಿ. ನಾನು ಬರೋಕೂ ಮುಂಚಿಂದ ಮುಚ್ಚಿದೆ. ಐವತ್ತು ವರ್ಷದಲ್ಲಿ ಅದನ್ನ ಕೇಳಿದೋಳು ನೀನೇ."

ಹಲಗೆಯ ಒಂದು ಮೂಲೆ ಸಡಿಲಿಸಿ ಇಬ್ಬರೂ ಇಣುಕಿದರು. ಹಾಸುಗಲ್ಲುಗಳು, ನಡು ಸವೆದು ತಟ್ಟೆಯಂತೆ ತಗ್ಗಾದವು. ಅವಳು ಜೇಬಿನ ದಾರದ ಉರುಳೆಯನ್ನು ಕಲ್ಲಿನ ಮೇಲೆ ಬಿಟ್ಟಳು. ಅದು ಒಂದು ಕ್ಷಣ ಯೋಚಿಸಿ, ಒಳಮುಖವಾಗಿ ಉರುಳುತ್ತಾ ಹೋಗಿ, ದೂರದ ಅಡ್ಡಗೋಡೆಗೆ ಬಡಿಯಿತು.

"ರಸ್ತೆ ಇಳಿಯೋದು ಆ ಕಡೆ," ಎಂದಳು ಮೆಲ್ಲಗೆ. "ಇದು ಒಳಗಡೆಗೆ ಇಳಿದಿದೆಯಲ್ಲ."

"ಕಲ್ಲು ಇಷ್ಟು ಸವೀಬೇಕಾದ್ರೆ ಜನ ಬರಿಗೈಲಿ ಹೋಗಿರಲ್ಲ," ಎಂದರು ಮುದುಕರು. "ಏನೋ ಹೊರ್ತಿದ್ರು. ನೀರಿರಬೇಕು."

"ನೀರು," ಎಂದು ಮಗಳು ಗೋಡೆಯನ್ನು ತೋರಿಸಿದಳು.

ಸೋಮವಾರ ಅವಳ ನಕ್ಷೆಯಲ್ಲಿ ಬಣ್ಣ ತುಂಬಿರಲಿಲ್ಲ, ದಿಕ್ಕಿನ ಬಾಣ ಓರೆಯಾಗಿತ್ತು, ಹನ್ನೊಂದು ಮನೆಗಳ ನಡುವೆ ಒಂದು ಸೆಂಟಿಮೀಟರಿನ ಓಣಿಯನ್ನು ಮಾತ್ರ ಕಲ್ಲು ಕಲ್ಲಾಗಿ ಬಿಡಿಸಿದ್ದಳು. ಮೇಡಂ ಅಳತೆಪಟ್ಟಿ ಇಟ್ಟು ಕೂಡಿಸಿದರು. ಮತ್ತೊಮ್ಮೆ ಕೂಡಿಸಿದರು.

"ಬಣ್ಣ ಯಾಕಿಲ್ಲ?"

"ಹೊತ್ತೆಲ್ಲ ಓಣಿಗೇ ಹೋಯ್ತು ಮೇಡಂ."

"ಬಣ್ಣಕ್ಕೆ ಎರಡು ಅಂಕ ಕಳೀತೀನಿ."

"ಕಳೀರಿ."

ಮೇಡಂ ಮೂಲೆಯಲ್ಲಿ ಸಹಿ ಹಾಕಿ, ಪೆನ್ನಿನ ತುದಿಯನ್ನು ಓಣಿಯ ಕೊನೆಗೆ ಒಯ್ದರು. "ಸರಿ, ಪರೀಕ್ಷೆಗೆ ಕೂರಬಹುದು. ಈ ಅಡ್ಡಗೋಡೆಯ ಆಚೆ ಏನಿದೆ?"

"ಗೊತ್ತಿಲ್ಲ," ಎಂದಳು ಅವಳು. "ಇನ್ನೊಂದು ಹಾಳೆ ಇದ್ರೆ ಕೊಡಿ ಮೇಡಂ. ದೊಡ್ಡದು."