ಇಲ್ಲಿ ‘ಚೆನ್ನಾಗಿದ್ದೀನಿ ಸರ್’ ಅನ್ನಬಾರದು

ಬೆಳಗಿನ ಆರಕ್ಕೆ ಸೇನಾ ಆಸ್ಪತ್ರೆಯ ಉದ್ದನೆಯ ಮೊಗಸಾಲೆಯ ಒಂದೇ ಕೋಣೆಯಲ್ಲಿ ದೀಪ ಹತ್ತಿದೆ. ಎಲ್ಲರೂ ‘ಫೈಲಕ್ಕ’ ಎಂದು ಕರೆಯುವ ಹೆಂಗಸು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ದಪ್ಪ ಫೈಲೊಂದರ ಹಾಳೆ ಎಣಿಸುತ್ತಿದ್ದಾರೆ. ಐವತ್ತಮೂರು ಇರಬೇಕು, ಐವತ್ತೆರಡಿವೆ. ಮತ್ತೆ ಎಣಿಸುತ್ತಾರೆ. ಕೊನೆಗೆ ಎಕ್ಸ್‌ರೇ ಲಕೋಟೆಗೆ ಅಂಟಿಕೊಂಡ ಹಾಳೆ ಸಿಗುತ್ತದೆ. ಅದು ಫೈಲಿನ ಸೈನಿಕ ಓಡಿಸುತ್ತಿದ್ದ ಟ್ರಕ್ ಮಗುಚಿದ ದಿನ ಬರೆದ ಅಪಘಾತದ ವರದಿ. “ಇದೊಂದು ಇಲ್ದಿದ್ರೆ ಇವರ ಬೆನ್ನು ರಜೇಲಿ ಮನೆಗೆ ಹೋದಾಗ ಮುರೀತು ಅಂತ ಬರೆದುಬಿಡ್ತಿದ್ರು,” ಎನ್ನುತ್ತಾರೆ.

ಆಕೆ ಸೈನಿಕರಲ್ಲ, ವೈದ್ಯರೂ ಅಲ್ಲ. ಗಾಯ ಅಥವಾ ಕಾಯಿಲೆಯಿಂದ ಸೇನೆ ಬಿಡಬೇಕಾದವರ ಫೈಲು ಸಿದ್ಧಮಾಡುವ ಗುಮಾಸ್ತೆ. ಇಪ್ಪತ್ತಮೂರು ವರ್ಷದಿಂದ ಇದೇ ಕುರ್ಚಿ, ವಾರಕ್ಕೆ ಒಂಬತ್ತೋ ಹತ್ತೋ ಫೈಲು.

ಸೈನಿಕನೊಬ್ಬನನ್ನು ಮನೆಗೆ ಕಳಿಸುವುದು ಇಷ್ಟು ದೊಡ್ಡ ಕೆಲಸವೆಂದು, ಆಕೆಯ ಒಂದು ದಿನದ ಕೆಲಸ ನೋಡಿ ಬರೆಯಲು ಬಂದ ನನಗೆ ಗೊತ್ತಿರಲಿಲ್ಲ. ಮೊದಲು ಹಗುರ ಕೆಲಸಕ್ಕೆ ಹಾಕಿ ಆರು ತಿಂಗಳು ನೋಡುತ್ತಾರೆ. ಮತ್ತೆ ತಪಾಸಣೆ. ಆಗಲೂ ಸುಧಾರಿಸದಿದ್ದರೆ ಮೂವರು ವೈದ್ಯರ ಮಂಡಳಿಯ ಮುಂದೆ ಹಾಜರಾಗಬೇಕು. ಈ ನೋವು ಸೇವೆಯಿಂದ ಬಂದದ್ದೇ, ಎಷ್ಟರಮಟ್ಟಿಗೆ ಅಂಗವೈಕಲ್ಯವಾಗಿದೆ ಎಂದು ಅವರು ತೀರ್ಮಾನಿಸುತ್ತಾರೆ. ಮುಂದಿನ ಪಿಂಚಣಿ, ಚಿಕಿತ್ಸೆ ಎಲ್ಲವೂ ಆ ಎರಡು ಉತ್ತರಗಳ ಮೇಲೆಯೇ.

“ಮೊದಲನೇದಕ್ಕೆ ಕಾಗದ ಸಾಕು. ಎರಡನೇದಕ್ಕೆ ಇವರು ಬಾಯಿ ಬಿಡಬೇಕು, ಎಡವೋದೇ ಅಲ್ಲಿ. ಹೇಗಿದ್ದೀರಾ ಅಂತ ಅಧಿಕಾರಿ ಕೇಳಿದ್ರೆ ಸಾಕು, ಎದೆ ಸೆಟೆಸಿ ‘ಚೆನ್ನಾಗಿದ್ದೀನಿ ಸರ್’ ಅಂದುಬಿಡ್ತಾರೆ. ಹದಿನೈದು ವರ್ಷದ ಅಭ್ಯಾಸ ಅದು.”

ಆಕೆಯ ಅಪ್ಪನೂ ಹಾಗೆಯೇ ಅಂದವರು. ಫಿರಂಗಿಗೆ ಗುಂಡು ಹೊತ್ತು ಹೊತ್ತು ಅವರ ಬಲಭುಜ ಹೋಗಿತ್ತು. ಮಂಡಳಿ ‘ಅಲ್ಪ’ ಎಂದು ಬರೆದು ಎದ್ದಿತು. ಅಮ್ಮ ಹೊಲಿಗೆ ಯಂತ್ರ ತುಳಿದು ಸಂಸಾರ ತೂಗಿಸಿದರು. “ಮೇಲ್ಮನವಿ ಹಾಕಿ ಅಂದ್ರೆ, ನಾನೇ ಹೇಳಿದ್ದನ್ನ ನಾನೇ ಸುಳ್ಳು ಅನ್ನಲಾ ಅಂತ ಕೂತುಬಿಟ್ರು.”

ಎಂಟಕ್ಕೆ ಟ್ರಕ್ ಚಾಲಕ ಬರುತ್ತಾರೆ. ಬೆಳಗಿನ ಫೈಲು ಇವರದೇ, ಮಂಡಳಿ ಹತ್ತಕ್ಕೆ. ಕುರ್ಚಿ ತೋರಿಸಿದರೂ ಕೂರದೆ ನೆಟ್ಟಗೆ ನಿಂತಿದ್ದಾರೆ.

“ಬೆನ್ನು ಹೇಗಿದೆ?”

“ಪರವಾಗಿಲ್ಲ ಅಕ್ಕ.”

“ತಗೊಳ್ಳಿ, ಶುರುವಾಯ್ತು.”

ಫೈಲಕ್ಕ ಇನ್ನು ನೋವಿನ ಸುದ್ದಿ ಎತ್ತುವುದಿಲ್ಲ. ಬೆಳಿಗ್ಗೆ ಎದ್ದಾಗಿನಿಂದ ಏನೇನು ಮಾಡಿದಿರಿ, ಒಂದೊಂದಾಗಿ ಹೇಳಿ ಎನ್ನುತ್ತಾರೆ. ಇದೇ ಅವರ ಪದ್ಧತಿ. ಎದ್ದರು, ಮುಖ ತೊಳೆದರು, ಬೂಟು ಹಾಕಿದರು. ಆಕೆಯ ಕಣ್ಣು ಬೂಟಿನತ್ತ ಹೋಗುತ್ತದೆ. ಲೇಸಿಗೆ ಶಾಲೆಯ ಮಕ್ಕಳಿಗೆ ಹಾಕುವಂಥ ದೊಡ್ಡ ಚಿಟ್ಟೆ ಗಂಟು.

“ಇದನ್ನ ಯಾರು ಕಟ್ಟಿದ್ದು?”

ಚಾಲಕರ ಮುಖ ಕೆಂಪಾಗುತ್ತದೆ. “ಮನೆಯವಳು. ಎಂಟು ತಿಂಗಳಾಯ್ತು, ಬಗ್ಗೋಕಾಗಲ್ಲ. ಯಾರಿಗೂ ಹೇಳಿಲ್ಲ.”

“ಅದನ್ನೇ ಒಳಗೆ ಹೇಳಿ. ಒಂದಕ್ಷರ ಹೆಚ್ಚೂ ಬೇಡ, ಕಮ್ಮಿಯೂ ಬೇಡ.”

“ನೀವೇ ಪಾಠ ಹೇಳಿಕೊಟ್ಟ ಹಾಗಾಗಲ್ವಾ?” ಎಂದು ನಾನು ಕಾಲೆಳೆಯುತ್ತೇನೆ.

“ಇಲ್ಲದ ನೋವು ಹೇಳೋರಿಗೆ ನನ್ನ ಪಾಠ ಬೇಕಿಲ್ಲ. ಅವರು ಗೇಟಿನಿಂದಲೇ ಕುಂಟ್ಕೊಂಡು ಬರ್ತಾರೆ.”

ಹತ್ತಕ್ಕೆ ಚಾಲಕ ಒಳಗೆ ಹೋಗುತ್ತಾರೆ. ಫೈಲಕ್ಕ ಬೇರೊಂದು ಫೈಲನ್ನು ನಾಲ್ಕು ಸಲ ಎಣಿಸುತ್ತಾರೆ. ಲೆಕ್ಕ ಒಮ್ಮೆಯೂ ಸರಿಬರುವುದಿಲ್ಲ. ನನಗೂ ಕೂತಲ್ಲಿ ಕೂರಲಾಗುತ್ತಿಲ್ಲ. ನಲವತ್ತು ನಿಮಿಷದ ಮೇಲೆ ಬಾಗಿಲು ತೆರೆಯುತ್ತದೆ.

“ಹೇಗಿದ್ದೀರಾ ಅಂತ ಕೇಳೇಬಿಟ್ರು ಅಕ್ಕ. ‘ಚೆನ್ನಾ’ ಅಂತ ಅರ್ಧ ಬಾಯಿಂದ ಬಂದೇಬಿಟ್ಟಿತ್ತು. ತಲೆ ತಗ್ಗಿಸಿದೆ, ಗಂಟು ಕಾಣಿಸ್ತು. ಲೇಸು ಹೆಂಡತಿ ಕಟ್ತಾಳೆ ಸರ್ ಅಂದೆ. ಮೂರೂ ಜನ ಬರೆಯೋಕೆ ಶುರು ಮಾಡಿದ್ರು.”

ಮಧ್ಯಾಹ್ನ ಫೈಲು ವಾಪಸ್ ಬರುತ್ತದೆ. ನೋವು ಸೇವೆಯಿಂದ ಬಂದದ್ದು, ಅಂಗವೈಕಲ್ಯ ಅರ್ಧಕ್ಕಿಂತ ಹೆಚ್ಚು. ಇನ್ನು ಮೇಲಧಿಕಾರಿಯ ಸಹಿಯೊಂದು ಬಾಕಿ. ನನಗಂತೂ ಎದೆ ಹಗುರಾಯಿತು.

ಹೊರಡುವ ಮುನ್ನ, ನಿಮಗೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಫೈಲಕ್ಕ ಫೈಲಿನ ದಾರ ಬಿಗಿದು ಗಂಟು ಹಾಕುತ್ತಾರೆ.

“ಅಪ್ಪ ನನ್ನ ಜೊತೇನೇ ಇದ್ದಾರೆ. ದಿನಾ ಬೆಳಿಗ್ಗೆ ರೂಮಿನ ಬಾಗಿಲು ಹಾಕ್ಕೊಂಡು ಒಂದು ಅಂಗಿ ತೊಡೋಕೆ ಅರ್ಧ ಗಂಟೆ ಒದ್ದಾಡ್ತಾರೆ. ಹೇಗಿದ್ದೀಯಪ್ಪಾ ಅಂತ ಹೊರಗಿಂದ ಕೇಳಿದ್ರೆ ಇವತ್ತಿಗೂ ಅದೇ ಉತ್ತರ. ಒಂದು ದಿನ ಬಾಗಿಲು ತೆಗೆದು ‘ಈ ತೋಳು ಸ್ವಲ್ಪ ಹಿಡ್ಕೊಳಮ್ಮ’ ಅಂದ್ರೆ ಸಾಕು ನನಗೆ.”