ಕಾಲಸಪ್ಪಳ ಕೇಳಿದ ಅಕ್ಕ

“ಎಲ್ಲಾರೂ ಎಲ್ಲಿಗಿ ಹೋದ್ರಿ? ನಾ ಒಬ್ಬಾಕಿನೇ ಉಳದೀನೇನ್ರಿ?”

ನಾವು ತಯಾರಿಸುತ್ತಿದ್ದ ಆನ್‌ಲೈನ್ ಆಟವನ್ನು ಕಮಲಾಪುರದ ತಮ್ಮ ಮನೆಯಿಂದಲೇ ಆಡಿ ನೋಡುತ್ತಿದ್ದ ಮಹಾದೇವಿಯಕ್ಕನ ದನಿಯದು. ಅವರಿಗೆ ಕಣ್ಣು ಕಾಣುವುದಿಲ್ಲ; ಸಪ್ಪಳ ಕೇಳಿಯೇ ಆಡುತ್ತಾರೆ. ಕಲಬುರಗಿಯ ಆಫೀಸಿನಲ್ಲಿ ಕುಳಿತು ನಾವು ಆಡಿಸುತ್ತಿದ್ದ ಬೊಂಬೆಗಳು ಆಟದೊಳಗೆ ಅವರ ಪಕ್ಕದಲ್ಲೇ ನಿಂತಿದ್ದವು. ಗದ್ದಲವಾಗುತ್ತದೆಂದು ಜೊತೆಗಾರರ ಕಾಲಸಪ್ಪಳವನ್ನು ನಾವೇ ತೆಗೆದುಹಾಕಿದ್ದೆವು. ಪರೀಕ್ಷೆ ನಡೆಯುವಾಗ ಆಡುವವರಿಗೆ ಉತ್ತರ ಕೊಡುವಂತಿಲ್ಲ.

ಮರುದಿನ ಸಪ್ಪಳವನ್ನು ಮತ್ತೆ ಸೇರಿಸಿ, ಆಟದೊಳಗೆ ಮಾತಾಡದೆ ಅವರತ್ತ ನಡೆದೆವು.

“ಬಂದ್ರೇನ್ರಿ? ಬರ್ರಿ, ಬರ್ರಿ!” ಎಂದರು, ಮನೆಬಾಗಿಲಲ್ಲಿ ನಿಂತು ಕರೆದಂತೆ.

ನಿಯಮ ಮರೆತು ನಾನು ಕೂಗಿಬಿಟ್ಟೆ, “ಬಂದೀವ್ರಿ ಅಕ್ಕಾ!”

ಈಗ ಪ್ರತಿ ಹೊಸ ಆಟವನ್ನೂ ಮೊದಲು ಕಣ್ಣು ಮುಚ್ಚಿಕೊಂಡು ಆಡುತ್ತೇನೆ. ಯಾರೋ ಹತ್ತಿರ ಬಂದ ಸಪ್ಪಳ ಕೇಳಿದ ಮೇಲೆಯೇ ಜೀವಕ್ಕೆ ಸಮಾಧಾನ.