ಎರಡು ಹೋಳು ಆಲೂಗೆಡ್ಡೆ

"ನನ್ನೆದುರು ಕಾಲರಾ ಕ್ರಿಮಿಯೂ ಕೈ ಮುಗಿದು ನಿಲ್ಲಬೇಕು, ಮನುಷ್ಯರ ಮಾತೇನು!" ಎನ್ನುತ್ತಿದ್ದರು ಹಾಸನದ ಡಾಕ್ಟರ್ ಚಂದ್ರಶೇಖರಯ್ಯ. ಆ ದನಿಗೆ ಚನ್ನರಾಯಪಟ್ಟಣದ ಬಸ್ಸು ತಾನಾಗಿ ಬ್ರೇಕ್ ಹಾಕಿಕೊಳ್ಳುತ್ತಿತ್ತು.

ನಲವತ್ಮೂರನೆಯ ಇಸವಿ. ಕ್ರಿಮಿ ಬೆಳೆಸುವ ಅಂಟು ಜಪಾನಿನಿಂದ ಬರುತ್ತಿದ್ದುದು ಯುದ್ಧದಿಂದಾಗಿ ನಿಂತಿತ್ತು. ಹಾಸನದಲ್ಲಿ ಆಲೂಗೆಡ್ಡೆಗೇನು ಬರ? ಬೇಯಿಸಿದ ಹೋಳಿನ ಮೇಲೆಯೇ ಡಾಕ್ಟರು ಕ್ರಿಮಿ ಬಿತ್ತಿದರು. ಬೇಯಿಸಿ ಕೊಯ್ಯುವವಳು ಕೊರವಂಗಲದ ಮಾಯಮ್ಮ. ಆಕೆ ಕೊಯ್ದ ಹೋಳಿನ ಮೇಲೆ ನೊಣ ಕೂತರೆ ಜಾರಿ ಅರಕಲಗೂಡಿನಲ್ಲಿ ಬೀಳಬೇಕು, ಅಷ್ಟು ನುಣುಪು.

ಸಲ್ಫಾ ಪುಡಿ ಹಾಕಿದರೂ ಕೆಲವು ಕ್ರಿಮಿ ಸಾಯುತ್ತಿರಲಿಲ್ಲ. ಪುಡಿ ಸೋಕಿದ ಮೇಲೆ ಗಟ್ಟಿಯಾದವೋ, ಹುಟ್ಟಿನಿಂದಲೇ ಗಟ್ಟಿ ತಳಿಯೋ? ಡಾಕ್ಟರಿಗೆ ಇದೇ ಚಿಂತೆ.

ಒಂದು ದಿನ ಮಾಯಮ್ಮ, ಕ್ರಿಮಿ ಚುಕ್ಕೆಚುಕ್ಕೆಯಾಗಿ ಬೆಳೆದಿದ್ದ ಹೋಳು ಒಣಗೀತೆಂದು, ಅದರ ಮೇಲೆ ಹೊಸ ಹೋಳೊಂದನ್ನು ಕವುಚಿಟ್ಟಳು.

"ಎರಡನ್ನೂ ಕೆಡಿಸಿದೆಯಲ್ಲೇ!"

"ಅಡ್ಗೆಮನೇಲಿ ಅರ್ದ ಗೆಡ್ಡೆ ಉಳುದ್ರೆ ಇನ್ನೇನ್ಮಾಡ್ತಾರೆ ಸಾ?"

"ತಪಾಸಣೆಗೆ ಬೆಂಗಳೂರಿನ ಸಾಹೇಬರು ಬಂದುಹೋಗುವವರೆಗೆ ಪಾತ್ರೆ ತೊಳಿ. ಆಮೇಲೆ ನಿನಗಿಲ್ಲಿ ಕೆಲಸವಿಲ್ಲ!"

ಸಿಟ್ಟಿನಲ್ಲಿ ಹೊಸ ಹೋಳಿನ ಮೇಲೆ ಪುಡಿ ಸುರಿದರು. ಮರುದಿನ ಅದರ ಬಲ ಅಂಚಿನಲ್ಲಿ ಒಂದೇ ಒಂದು ಚುಕ್ಕೆ ಬದುಕಿತ್ತು. ಕವುಚಿದಾಗ ಹಳೇ ಹೋಳಿನ ಚುಕ್ಕೆಗಳು ಹೊಸದಕ್ಕೂ ಅಂಟಿದ್ದವು. ಹಾಗಾದರೆ ಅದರ ಒಡಹುಟ್ಟು ಪುಡಿ ಕಾಣದ ಹಳೇ ಹೋಳಿನಲ್ಲಿದೆ, ಅದೂ ಪುಡಿಗೆ ಸಾಯದಿದ್ದರೆ ಹುಟ್ಟಿನಿಂದಲೇ ಗಟ್ಟಿ! ಡಾಕ್ಟರು ಹಾರಿದ ರಭಸಕ್ಕೆ ಹೆಂಚು ಸರಿದು, ಆ ಕೋಣೆ ಇಂದಿಗೂ ಸೋರುತ್ತದೆ.

ಸಾಹೇಬರು ಬಂದರು. "ಇದು ನನ್ನ ವಿಧಾನ," ಎಂದು ಡಾಕ್ಟರು ಹಳೇ ಹೋಳಿನ ಬಲ ಅಂಚಿನ ಚುಕ್ಕೆ ತೆಗೆದು ಪುಡಿಗೆ ಹಾಕಿದರು. ಮರುದಿನಕ್ಕೆ ಸತ್ತಿತು. ಅದರ ಪಕ್ಕದ್ದು? ಅದೂ ಮಾರನೆಯ ದಿನ ಸತ್ತಿತು. ಸಾಹೇಬರು ಹೊರಡಲೆಂದು ಟೋಪಿಗೆ ಕೈ ಹಾಕಿದರು.

ಪಾತ್ರೆ ಒರೆಸುತ್ತಿದ್ದ ಮಾಯಮ್ಮ ತಲೆಯೆತ್ತಲಿಲ್ಲ. "ಕವುಚಿದ್ಮೇಲೆ ಬಲ ಎಡ ಆಯ್ತದೆ ಸಾ. ಎಲ್ಡು ಅಂಗೈ ಜೋಡ್ಸಿ ಬುಡ್ಸಿ ನೋಡಿ. ಎಬ್ಬೆಟ್ಟು ಒಂದು ಅತ್ಲಾಗೆ, ಒಂದು ಇತ್ಲಾಗೆ."

ಡಾಕ್ಟರು ಕೇಳಿಸದವರಂತೆ ಎಡ ಅಂಚಿನದನ್ನು ತೆಗೆದು ಹಾಕಿದರು. ಮರುದಿನ ನೋಡಿದರೆ ಪುಡಿಯಲ್ಲಿ ಕೊಬ್ಬಿ ಕೂತಿತ್ತು. ಹುಟ್ಟಿನಿಂದಲೇ ಗಟ್ಟಿ ತಳಿ!

"ಎಡವೇ ಎಂದು ನಿಮಗೆ ಹೇಗೆ ಹೊಳೆಯಿತು?" ಎಂದರು ಸಾಹೇಬರು.

ವಿವರಿಸಲು ಡಾಕ್ಟರು ಎರಡೂ ಅಂಗೈ ಜೋಡಿಸಿ ಎದೆಯ ಮುಂದೆ ಹಿಡಿದರು. ಅದೇ ಹೊತ್ತಿಗೆ ಪಾತ್ರೆ ಹಿಡಿದ ಮಾಯಮ್ಮ ಎದುರಿಗೆ ಬಂದು ನಿಂತಳು.

"ಕೈ ಮುಗ್ದುದ್ದು ಸಾಕು ಬುಡಿ ಸಾ. ನಾಳಿಕ್ಕೆ ಎಷ್ಟು ಗೆಡ್ಡೆ ಬೇಯ್ಸ್ಲಿ, ಅದ್ನ ಏಳಿ."